ಎಣ್ಣೆನೀರಿನ ವಾರಗಳು

ನಮ್ಮ ಮನೆಯಲ್ಲಿ ಯಾರ ಮೈಯೂ ಅವರವರ ಸ್ವಂತದ್ದಾಗಿರಲಿಲ್ಲ. ಎಲ್ಲರ ಮೈಯೂ ಅಜ್ಜಿಯ ಉಸ್ತುವಾರಿಗೆ ಸೇರಿತ್ತು. ಯಾರ ಹಿಮ್ಮಡಿ ಒಡೆದಿದೆ, ಯಾರ ತಲೆಯಲ್ಲಿ ಹೊಟ್ಟು ಎದ್ದಿದೆ, ಯಾರ ಕಿವಿಯ ಹಿಂದೆ ಕೊಳೆ ಕೂತಿದೆ ಎಂಬುದು ಆಯಾ ಮೈಯ ಒಡೆಯರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಸುಂಟಿಕೊಪ್ಪದ ಪೇಟೆಬೀದಿಯಲ್ಲಿ ನಮ್ಮದು ಅಂಗಡಿಮನೆ. ಮುಂದೆ ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿದ ದಿನಸಿ ಅಂಗಡಿ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲ ಅಂಗಳ ದಾಟಿದರೆ ಬಚ್ಚಲಮನೆ. ಅಂಗಡಿಗೆ ಬಂದವರು ಅಪ್ಪನನ್ನು ಯಜಮಾನರೇ ಎಂದು ಕರೆಯುತ್ತಿದ್ದರು. ಅಪ್ಪ ಗಲ್ಲಾಪೆಟ್ಟಿಗೆಯವರೆಗೆ ಮಾತ್ರ ಯಜಮಾನ. ಹಂಡೆಗೆ ಯಾವಾಗ ಉರಿ ಹಾಕಬೇಕು, ಆ ನೀರು ಯಾವ ದಿನ ಯಾರ ತಲೆಯ ಮೇಲೆ ಬೀಳಬೇಕು ಎನ್ನುವುದನ್ನೆಲ್ಲ ತೀರ್ಮಾನಿಸುವವಳು ಅಪ್ಪನ ತಾಯಿ, ನನ್ನ ಅಜ್ಜಿ. ಶಿರಂಗಾಲದ ಹೊಲಮನೆಯಿಂದ ಸೊಸೆಯಾಗಿ ಬಂದವಳು ಈ ಪೇಟೆಯ ಬೇರೆ ಯಾವುದಕ್ಕೂ ತಲೆಹಾಕದೆ, ಬಚ್ಚಲಮನೆ ಒಂದನ್ನು ಮಾತ್ರ ತನ್ನ ರಾಜ್ಯ ಮಾಡಿಕೊಂಡಿದ್ದಳು.

ಆ ರಾಜ್ಯಕ್ಕೆ ವಾರದ ಕಾನೂನು ಇತ್ತು. ಶುಕ್ರವಾರ ಹೆಂಗಸರ ಎಣ್ಣೆನೀರು. ಶನಿವಾರ ಗಂಡಸರದು. ಭಾನುವಾರ ಮಕ್ಕಳದು, ಅಂದರೆ ನನ್ನದು, ಯಾಕೆಂದರೆ ಮನೆಗೆ ನಾನೊಬ್ಬಳೇ ಮಗು. ಸೋಮವಾರ ಶಿವನ ವಾರ, ಅವತ್ತು ಎಣ್ಣೆಬುಡ್ಡಿಯನ್ನು ಯಾರೂ ಮುಟ್ಟುವಂತಿಲ್ಲ. ಬೇರೆ ದಿನಗಳಲ್ಲಿ ಬರೀ ಮೈಗೆ ಸ್ನಾನ. ಭಾನುವಾರ ಬೆಳಗಾದರೆ ನನ್ನನ್ನು ಚಡ್ಡಿಯಲ್ಲಿ ಕೂರಿಸಿ, ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ನೆತ್ತಿಗೆ ಬಡಿದು, ಕೊಬ್ಬರಿ ಎಣ್ಣೆಯನ್ನು ಕೈಕಾಲಿಗೆ ತೀಡಿ, ಎಣ್ಣೆ ಮೈಗೆ ಇಳಿಯುವ ತನಕ ಅಂಗಳದ ಬಿಸಿಲಲ್ಲಿ ಬಿಡುತ್ತಿದ್ದಳು. ಆಮೇಲೆ ಬಚ್ಚಲು. ಕಾಫಿಗಿಡದ ಒಣಕಡ್ಡಿಯ ಹೊಗೆ, ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಒಂದು ಕೋಲು ಬೆಳಕು, ಕಣ್ಣಿಗೆ ಬೀಳುವ ಸೀಗೆಪುಡಿ. ನಾನು ಅರಚುತ್ತಿದ್ದೆ. ಅಜ್ಜಿ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕಡಲೆಹಿಟ್ಟು ಹಾಕಿ ಉಜ್ಜುವಾಗ ನನ್ನ ತೋಳನ್ನು ಬದನೆಕಾಯಿ ಆರಿಸುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಎಲ್ಲಾದರೂ ಕೆಂಪು ಕಂಡರೆ ಅಲ್ಲೇ ವಿಚಾರಣೆ. ಸೋಪು ಕೂಡ ನಮ್ಮಲ್ಲಿತ್ತು, ಅಂಗಡಿಯಲ್ಲಿ ರಾಶಿ ಇತ್ತು. ಆದರೆ ಅಜ್ಜಿಯ ಪ್ರಕಾರ ಸೋಪು ಮಾರುವುದಕ್ಕೆ ಇರುವುದು, ಹಚ್ಚಿಕೊಳ್ಳುವುದಕ್ಕಲ್ಲ. ಅದು ಮೈಯ ಜಿಡ್ಡನ್ನೆಲ್ಲ ಎಳೆದುಕೊಂಡು ಚರ್ಮವನ್ನು ಹಪ್ಪಳ ಮಾಡುತ್ತದೆ ಎಂದು ಗಿರಾಕಿಗಳ ಮುಂದೆಯೇ ಹೇಳಿ ಅಪ್ಪನ ಹೊಟ್ಟೆ ಉರಿಸುತ್ತಿದ್ದಳು.

ಕಾಲಕ್ಕೆ ತಕ್ಕ ಕಾಯಿಲೆ, ಕಾಯಿಲೆಗೆ ತಕ್ಕ ಮದ್ದು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಬೆಳ್ಳಗೆ ಬೆಂದು ಕೆಸರುಹುಣ್ಣು ಆದರೆ ಗೋರಂಟಿ ಸೊಪ್ಪು ಅರೆದು ತುಂಬುವುದು, ಅದಕ್ಕಿಂತ ಮುಖ್ಯವಾಗಿ ಕಾಲನ್ನು ಒಲೆಯ ಮುಂದೆ ಚಾಚಿ ಒಣಗಿಸಿಕೊಳ್ಳುವುದು. ಚಳಿಗಾಲದಲ್ಲಿ ಹಿಮ್ಮಡಿ ಬಿರಿದರೆ ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಬಿರುಕಿಗೆ ಇಳಿಸುವುದು. ಕಂಬಳಿಹುಳು ತಾಗಿದರೆ ವಿಭೂತಿ. ಬೇಸಿಗೆಯ ಬೆವರುಗುಳ್ಳೆಗೆ ಗಂಧ ತೇದು ಹಚ್ಚುವುದು. ಇವುಗಳಲ್ಲಿ ಕೆಲವು ನಿಜವಾಗಿ ಗುಣ ಮಾಡುತ್ತಿದ್ದವು, ಕೆಲವು ಏನೂ ಮಾಡುತ್ತಿರಲಿಲ್ಲ, ಕಾಯಿಲೆ ತಾನಾಗಿ ಹೋದಾಗ ಹೆಸರು ಮಾತ್ರ ಅವುಗಳಿಗೆ ಬರುತ್ತಿತ್ತು. ಜಿಗಣೆ ಕಚ್ಚಿದ ಜಾಗಕ್ಕೆ ಒಮ್ಮೆ ಸುಣ್ಣ ಹಚ್ಚಿ ನನ್ನ ಕಣಕಾಲು ಸುಟ್ಟಿದ್ದಳು. ಕಲೆ ಈಗಲೂ ಇದೆ. ಆ ಕಲೆಯನ್ನು ನೋಡಿದಾಗ ನನಗೆ ಸಿಟ್ಟು ಬರುವುದಿಲ್ಲ, ಅವಳು ಬಂದ ಹಾಗಾಗುತ್ತದೆ. ಅವಳ ಕೈಗೆ ಸಿಕ್ಕದೆ ಓಡಾಡುತ್ತಿದ್ದವನು ಚಿಕ್ಕಪ್ಪ ಒಬ್ಬ. ಮೀಸೆ ಚಿಗುರಿ, ಮುಖದ ತುಂಬ ಮೊಡವೆ ಎದ್ದಿದ್ದ ಕಾಲ ಅವನದು. ಅಂಗಡಿಯಿಂದ ಯಾವುದೋ ಸ್ನೋ ಡಬ್ಬಿ ಎತ್ತಿಕೊಂಡು, ಗಲ್ಲಾದ ಹಿಂದಿನ ಕನ್ನಡಿಯಲ್ಲಿ ಮುಖಕ್ಕೆ ಬಳಿದುಕೊಂಡು ಹೊರಡುತ್ತಿದ್ದ. ಅಜ್ಜಿ ಬಾಗಿಲಲ್ಲೇ ಹಿಡಿಯುತ್ತಿದ್ದಳು.

“ಏನ್ಲಾ, ಮುಖಕ್ಕೆ ಸುಣ್ಣ ಹೊಡ್ಸಿದ್ದೀಯ? ಹಬ್ಬ ಇನ್ನೂ ದೂರ ಅದೆ.”

“ಮೊಡವೆಗೆ ಕಣವ್ವ.”

“ಮೊಡವೆಗೆ ಕೈ ಹಾಕ್ದೆ ಸುಮ್ಕಿರು, ಅದೇ ಹೋಯ್ತದೆ. ಕಿವುಚಿ ಕಿವುಚಿ ಮುಖನ ಉತ್ತಿದ ಹೊಲ ಮಾಡ್ಕಂಡಿದ್ದೀಯ.”

ಚಿಕ್ಕಪ್ಪ ನಗುತ್ತ ತಪ್ಪಿಸಿಕೊಳ್ಳುತ್ತಿದ್ದ. ಆದರೆ ಶನಿವಾರ ಬಂದಾಗ ಅವನೂ ಅಪ್ಪನೂ ಸಾಲಾಗಿ ಬಚ್ಚಲಿಗೆ ಬಂದು ಕೂರಲೇಬೇಕಿತ್ತು. ಮೀಸೆ ಬಂದ ಮಗನಾಗಲಿ ಅಂಗಡಿ ನಡೆಸುವ ಮಗನಾಗಲಿ, ಬೆನ್ನು ಅಜ್ಜಿಯದೇ.

ಹಗಲೆಲ್ಲ ಹೀಗೆ ಗದರುವ ಅಜ್ಜಿ ಮಲಗುವ ಹೊತ್ತಿಗೆ ಬೇರೆಯವಳಾಗುತ್ತಿದ್ದಳು. ನಾನು ಹಾಲು ಬಿಟ್ಟಾಗಿನಿಂದ ಅವಳ ಹೊದಿಕೆಯೊಳಗೇ ಮಲಗುತ್ತಿದ್ದೆ. ಹಳೇ ಹತ್ತಿ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಹೊದಿಕೆ ಅದು, ಮೇಲೆ ಒಂದು ಕರಿಕಂಬಳಿ. ನನ್ನ ತಣ್ಣನೆಯ ಪಾದಗಳನ್ನು ತನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡು ಶಿರಂಗಾಲದ ಸುದ್ದಿ ಹೇಳುತ್ತಿದ್ದಳು. ಹೊಗೆ, ವಿಭೂತಿ, ಹರಳೆಣ್ಣೆ ಸೇರಿದ ಒಂದು ವಾಸನೆ ಅವಳಿಗಿತ್ತು. ಜಗತ್ತಿನಲ್ಲಿ ನನಗೆ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಶಾಲೆಯಲ್ಲಿ ಏಟು ತಿಂದ ದಿನ, ಅವ್ವ ಗದರಿದ ದಿನ, ಎಲ್ಲವೂ ಆ ಹೊದಿಕೆಯೊಳಗೆ ಹೋದಮೇಲೆ ಸಣ್ಣದಾಗುತ್ತಿತ್ತು.

ತುರಿಕೆ ಬಂದದ್ದು ಒಂದು ಚಳಿಗಾಲದಲ್ಲಿ, ಎಸ್ಟೇಟುಗಳಲ್ಲಿ ಕಾಫಿಹಣ್ಣಿನ ಪಿಕಿಂಗ್ ನಡೆಯುತ್ತಿದ್ದ ದಿನಗಳಲ್ಲಿ. ಮೊದಲು ನನ್ನ ಬೆರಳ ಸಂದಿಯಲ್ಲಿ ಸಾಸಿವೆಯಂಥ ಗುಳ್ಳೆಗಳು ಎದ್ದವು. ಆಮೇಲೆ ಮಣಿಕಟ್ಟು, ಆಮೇಲೆ ಸೊಂಟದ ಸುತ್ತ. ಹಗಲು ಹೇಗೋ ಇರುತ್ತಿತ್ತು, ಹೊದಿಕೆಯೊಳಗೆ ಮೈ ಬೆಚ್ಚಗಾದೊಡನೆ ಜೀವ ಹೋಗುವ ಹಾಗೆ ತುರಿಸುತ್ತಿತ್ತು. ಚಳಿಗೆ ಮೈ ಒಣಗಿದೆ ಎಂದು ಅಜ್ಜಿ ಎಣ್ಣೆ ಜಾಸ್ತಿ ಮಾಡಿದಳು. ತುರಿಕೆಯೂ ಜಾಸ್ತಿಯಾಯಿತು. ಅಷ್ಟರಲ್ಲಿ ನಾನು ಒಂದು ವಿಚಿತ್ರ ಗಮನಿಸಿದೆ. ಅಪ್ಪ ಗಿರಾಕಿಗೆ ಬೆಲ್ಲ ತೂಗುವಾಗ ಗೋಣಿಚೀಲದ ಹಿಂದೆ ಸರಿದು ಪಂಚೆಯ ಗಂಟನ್ನು ಪದೇ ಪದೇ ಸರಿಮಾಡಿಕೊಳ್ಳುತ್ತಿದ್ದ. ಅವ್ವ ಮುದ್ದೆ ತೊಳಸುತ್ತ ತೋಳನ್ನು ಸೊಂಟಕ್ಕೆ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಚಿಕ್ಕಪ್ಪ ಕೈಗಡಿಯಾರವನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅಂಗಡಿ ನಡೆಸುವ ಮನೆಯಲ್ಲಿ ಕಜ್ಜಿ ಎಂಬ ಮಾತು ಬಾಗಿಲು ದಾಟಿದರೆ ಆ ಕೈಯಿಂದ ಅಕ್ಕಿ ಅಳೆಸಿಕೊಳ್ಳುವವರು ಯಾರು?

ಒಂದು ಸಂಜೆ ಚಿಕ್ಕಪ್ಪ ಊಟಕ್ಕೆ ಕೂತವನು ತಡೆಯಲಾರದೆ ಎರಡೂ ಕೈಯಲ್ಲಿ ಪಕ್ಕೆ ಕೆರೆದುಕೊಂಡ. ಅವ್ವ ಸಾರಿನ ಸೌಟು ಕೆಳಗಿಟ್ಟಳು.

“ಲಾರೀಲಿ ಹೋಗಿ ಎಲ್ಲೆಲ್ಲೋ ಮಲಗ್ತೀರಿ. ಕಂಡೋರ ಕಂಬ್ಳಿ ಹೊದ್ದು ಮನೆಗೆ ತಂದಿದ್ದೀರಿ.”

ಚಿಕ್ಕಪ್ಪ ಶುಂಠಿ ಲಾರಿಯ ಜೊತೆ ಕೇರಳದ ಕಡೆ ಹೋಗುತ್ತಿದ್ದ. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತರೆ ಬೆಳಗಿನವರೆಗೂ ಅಲ್ಲೇ ಮಲಗುವುದು ಅವನ ವಾಡಿಕೆ.

“ನಾನಾ? ನಿಮ್ಮ ಮಗಳಿಗೆ ತಾನೆ ಮೊದ್ಲು ಬಂದಿದ್ದು ಅತ್ತಿಗೆ? ಶಾಲೇಲಿ ಒಂದೇ ಬೆಂಚಲ್ಲಿ ಆರು ಮಕ್ಕಳು ಕೂರ್ತವೆ.”

“ಸಾಕು, ಉಣ್ಣಿ,” ಎಂದ ಅಪ್ಪ, ಪಂಚೆಯ ಗಂಟು ಸರಿಮಾಡಿಕೊಳ್ಳುತ್ತ.

ಮಾರನೆಯ ದಿನ ಅಜ್ಜಿ ಅಂಗಡಿಯಿಂದ ಗಂಧಕ ತೆಗೆಸಿ, ಕುಟ್ಟಿ, ಹೊಂಗೆ ಎಣ್ಣೆಯಲ್ಲಿ ಕಲೆಸಿದಳು. ಇಲ್ಲಿಂದ ಶುರುವಾಯಿತು ನಮ್ಮ ಮನೆಯವರು ಮಾತ್ರ ಮಾಡಬಹುದಾಗಿದ್ದ ಎಡವಟ್ಟು. ಮದ್ದು ಹಚ್ಚಿ ಬಿಸಿನೀರು ಹುಯ್ಯುವುದೆಂದರೆ ಅದು ಎಣ್ಣೆನೀರೇ ತಾನೆ? ಎಣ್ಣೆನೀರಿಗೆ ವಾರ ಇದೆಯಲ್ಲ? ಆದ್ದರಿಂದ ಶುಕ್ರವಾರ ಅವ್ವ ಹಚ್ಚಿಕೊಂಡಳು, ಶನಿವಾರ ಅಪ್ಪ ಮತ್ತು ಚಿಕ್ಕಪ್ಪ, ಭಾನುವಾರ ನಾನು. ಮನೆಯೆಲ್ಲ ಬೆಂಕಿಪೆಟ್ಟಿಗೆಯ ವಾಸನೆ. ಶುಕ್ರವಾರ ಹಚ್ಚಿಕೊಂಡು ಹಗುರಾದ ಅವ್ವನಿಗೆ ಅದೇ ರಾತ್ರಿ ಅಪ್ಪನ ರಗ್ಗಿನಿಂದ ಮತ್ತೆ ಬಂತು. ಶನಿವಾರ ಹಗುರಾದವರಿಗೆ ಭಾನುವಾರದೊಳಗೆ ನನ್ನಿಂದ ಬಂತು. ಹೀಗೆ ತುರಿಕೆ ನಮ್ಮ ಮನೆಯ ವಾರಗಳನ್ನು ನಮಗಿಂತ ಶ್ರದ್ಧೆಯಿಂದ ಪಾಲಿಸುತ್ತ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇತ್ತು. ಪಿಕಿಂಗ್ ಮುಗಿಯಿತು, ಕಾಫಿ ಒಣಗಿ ಮೂಟೆಯಾಯಿತು, ನಮ್ಮ ತುರಿಕೆ ಮುಗಿಯಲಿಲ್ಲ.

ಇದೆಲ್ಲ ನನಗೆ ಒಂದು ಆಟದ ಹಾಗಿತ್ತು, ಅಜ್ಜಿ ಆ ಮಾತು ಹೇಳುವ ತನಕ. ಒಂದು ಸಂಜೆ ನಾನು ಎಂದಿನಂತೆ ಅವಳ ಹಾಸಿಗೆಯ ಹತ್ತಿರ ಹೋದಾಗ ನನ್ನ ತಲೆದಿಂಬು ಅಲ್ಲಿರಲಿಲ್ಲ. ಅವ್ವನ ಹಾಸಿಗೆಯ ಮೇಲಿತ್ತು.

“ಇವತ್ತಿಂದ ನೀನು ನಿಮ್ಮವ್ವನ ತಾವ ಮಲಕ್ಕ.”

“ಯಾಕಜ್ಜಿ?”

“ಯಾಕೆ ಗೀಕೆ ಇಲ್ಲ. ಹೋಗು.”

ನನ್ನ ಮೈಯ ಗುಳ್ಳೆಗಳನ್ನು ಕಂಡು ಅಜ್ಜಿಗೆ ಅಸಹ್ಯವಾಗಿದೆ ಎಂದುಕೊಂಡೆ. ಬೇರೆ ಏನು ತಿಳಿಯಬೇಕು ಮಗುವಿಗೆ? ಮುಟ್ಟಲು ಬಾರದವಳಾಗಿಬಿಟ್ಟೆ ಎಂಬ ಭಾವನೆಯನ್ನು ಅವತ್ತಿಗಿಂತ ಮೊದಲು ನಾನು ಅರಿತಿರಲಿಲ್ಲ. ಅವ್ವನ ಮಗ್ಗುಲಲ್ಲಿ ಮಲಗಿ ಬೆರಳುಗಳನ್ನು ಮುಷ್ಟಿ ಮಾಡಿ ತೊಡೆಯ ಸಂದಿಗೆ ತುರುಕಿಕೊಂಡು ಬಿಕ್ಕಿದೆ. ಅಜ್ಜಿಯ ಹೊದಿಕೆಯೊಳಕ್ಕೆ ಮತ್ತೆ ಹೋಗಬೇಕು ಎಂಬುದೊಂದೇ ಆಗ ನನ್ನ ಬದುಕಿನ ಆಸೆ. ತುರಿಕೆ ಹೋಗಲಿ ಎಂದು ಬೇಡಿಕೊಂಡದ್ದೂ ಅದಕ್ಕಾಗಿಯೇ. ನಾನು ಊಟ ಬಿಟ್ಟದ್ದನ್ನು ನೋಡಿ ಅವ್ವ ಒಂದು ದಿನ ಯಾರನ್ನೂ ಕೇಳದೆ ನನ್ನ ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೇಲಿನ ರಸ್ತೆಯಲ್ಲಿ ಮನೆಯ ಮುಂಭಾಗದಲ್ಲೇ ರೋಗಿಗಳನ್ನು ನೋಡುತ್ತಿದ್ದ ಕೇರಳದ ಡಾಕ್ಟರಮ್ಮ. ಅವರು ನನ್ನ ಬೆರಳುಗಳನ್ನು ಬಿಡಿಸಿ, ದಪ್ಪ ಗಾಜಿನಲ್ಲಿ ನೋಡಿ, ನನ್ನ ಕೈಯನ್ನು ಬಿಡದೆ ಹಾಗೇ ಹಿಡಿದುಕೊಂಡೇ ಅವ್ವನ ಹತ್ತಿರ ಮಾತಾಡಿದರು. ಅವರು ನನ್ನ ಕೈ ಬಿಡಲಿಲ್ಲ ಎಂಬುದು ನನಗೆ ಔಷಧಿಗಿಂತ ಹೆಚ್ಚಿನ ಸಮಾಧಾನ ಕೊಟ್ಟಿತು.

“ಮನೆಯಲ್ಲಿ ಎಷ್ಟು ಜನ?”

ಅವ್ವ ಹೇಳಿದಳು. ವಾರಗಳ ಕಥೆಯನ್ನೂ ತಲೆ ತಗ್ಗಿಸಿ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡಿ, ಇದು ಚರ್ಮದ ಒಳಗೆ ಇರುವ ಸಣ್ಣ ಹುಳ. ಅದಕ್ಕೆ ಶುಕ್ರವಾರ ಶನಿವಾರ ಗೊತ್ತಿಲ್ಲ. ಎಲ್ಲರೂ ಒಟ್ಟಿಗೆ ಹಚ್ಚಬೇಕು, ಕೇಟ್ಟೋ? ಒಂದೇ ದಿವಸ. ತುರಿಸುವವರು, ತುರಿಸದವರು, ಎಲ್ಲರೂ. ಕುತ್ತಿಗೆಯಿಂದ ಪಾದದವರೆಗೆ, ಒಂದು ಬೆರಳಿನ ಸಂದಿ ಬಿಡಬಾರದು. ಮರುದಿನ ಅದೇ ಹೊತ್ತಿನವರೆಗೆ ಸ್ನಾನ ಇಲ್ಲ. ಬಟ್ಟೆ, ಹಾಸಿಗೆ ಎಲ್ಲ ಕುದಿಯುವ ನೀರಿಗೆ, ಆಮೇಲೆ ಬಿಸಿಲಿಗೆ.”

“ಒಬ್ರು ಹಚ್ಕಳ್ದೆ ಇದ್ರೆ?”

“ಒಬ್ಬರು ಬಿಟ್ಟರೆ ಎಲ್ಲರಿಗೂ ಮತ್ತೆ ಬರುತ್ತದೆ. ಮತ್ತೆ, ಇದು ಕೊಳಕಿನವರಿಗೆ ಬರುವುದು ಅಂತ ತಿಳಿಯಬೇಡಿ. ಒಟ್ಟಿಗೆ ಮಲಗುವವರಿಗೆ ಬರುವುದು.”

ಹಾಲಿನಂಥ ಬಿಳಿ ಔಷಧಿಯ ಬಾಟಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವ್ವ ಮನೆಗೆ ಬಂದಳು. ಭಾನುವಾರ ಸಂತೆ, ಅವತ್ತು ಅಂಗಡಿ ಮುಚ್ಚುವ ಮಾತೇ ಇಲ್ಲ. ಅಂಗಡಿಗೆ ರಜೆ ಇರುವುದು ಸೋಮವಾರ ಮಾತ್ರ. ಸೋಮವಾರವೇ ಆಗಲಿ ಎಂದ ಅಪ್ಪ. ಎಲ್ಲರೂ ಅಜ್ಜಿಯ ಮುಖ ನೋಡಿದರು.

“ನೀವು ಹಚ್ಕಳಿ. ನಂಗೇನೂ ಆಗಿಲ್ಲ.”

“ಎಲ್ರೂ ಅಂದವ್ರೆ ಕಣವ್ವ,” ಎಂದ ಅಪ್ಪ.

“ಮೈಗೆ ಅದ ಬಳ್ಕಂಡು ಮಾರನೆ ದಿನ ಸ್ನಾನ ಮಾಡ್ದೆ ಪೂಜೆಗೆ ಕೂರ್ಲಾ? ನಿಮ್ಮಪ್ಪ ಸತ್ತ ದಿನವೂ ನಾನು ಪೂಜೆ ತಪ್ಪಿಸ್ದೋಳಲ್ಲ.”

ಅದು ನಿಜ. ಅಜ್ಜಿ ಬೆಳಕು ಹರಿಯುವ ಮೊದಲೇ ತಣ್ಣೀರು ಹುಯ್ದುಕೊಂಡು, ಹಣೆಗೆ ವಿಭೂತಿ ಬಳಿದು, ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಕೂರುತ್ತಿದ್ದಳು. ಅದಾಗದೆ ಒಂದು ಗುಟುಕು ಕಾಫಿಯೂ ಇಲ್ಲ. ಜ್ವರ ಬರಲಿ, ನೆಂಟರು ಬರಲಿ, ಅದು ತಪ್ಪುವಂತಿರಲಿಲ್ಲ. ಅಪ್ಪ ತಲೆ ಕೆರೆದುಕೊಂಡು ಅಂಗಡಿಗೆ ಹೋದ. ತಾಯಿಗೆ ಇದಕ್ಕಿಂತ ಹೆಚ್ಚು ಹೇಳುವ ಬಾಯಿ ಅವನಿಗಿರಲಿಲ್ಲ. ನಾನು ಮಾತ್ರ ಕುಸಿದುಹೋದೆ. ಒಬ್ಬರು ಬಿಟ್ಟರೆ ಎಲ್ಲರಿಗೂ ಮತ್ತೆ. ಎಲ್ಲರಿಗೂ ಮತ್ತೆ ಎಂದರೆ ನನ್ನ ತಲೆದಿಂಬು ಅವ್ವನ ಹಾಸಿಗೆಯ ಮೇಲೆಯೇ.

ಸೋಮವಾರ ಬೆಳಗ್ಗೆ ನಮ್ಮ ಮನೆ ಸುಣ್ಣ ಹೊಡೆದ ಗೊಂಬೆಗಳ ಮನೆಯಾಯಿತು. ಅಪ್ಪ ಹಳೇ ಪಂಚೆಯಲ್ಲಿ, ಕೈಗಳನ್ನು ಮೈಗೆ ತಾಗಿಸದೆ ಹುಂಜದ ಹಾಗೆ ಅಗಲಿಸಿಕೊಂಡು ನಡುಮನೆಯಲ್ಲಿ ಓಡಾಡುತ್ತಿದ್ದ. ಕೆರೆದ ಗಾಯಗಳಿಗೆ ಔಷಧಿ ತಾಗಿ ಉರಿಯುತ್ತಿತ್ತು. ಚಿಕ್ಕಪ್ಪ ಕುಣಿಯುತ್ತಿದ್ದ. ಅವನ ಬೆನ್ನಿಗೆ ಅಪ್ಪ, ಅಪ್ಪನ ಬೆನ್ನಿಗೆ ಅವನು ಹಚ್ಚಿಕೊಂಡು, ಇಬ್ಬರೂ ಬಾಲ್ಯದ ಯಾವುದೋ ಜಗಳ ನೆನಪಾಗಿ ಬಯ್ದಾಡಿಕೊಂಡು, ಆಮೇಲೆ ನಕ್ಕರು. ಹಿತ್ತಲ ಬೇಲಿಯ ಮೇಲೆ, ಹಗ್ಗದ ಮೇಲೆ, ಪೇರಲೆ ಗಿಡದ ಮೇಲೆ ನಮ್ಮ ಮನೆಯ ಸಮಸ್ತ ಹಾಸಿಗೆ ಹೊದಿಕೆ ಹರಡಿದ್ದವು. ಪಕ್ಕದ ಮನೆಯ ಪಾತುಮ್ಮ ಬೇಲಿಯಿಂದ ಇಣುಕಿದಳು. ದರ್ಜಿಯ ಹೆಂಡತಿ, ಅವ್ವನ ಗೆಳತಿ.

“ಎಂತ, ನಿಮ್ಮಲ್ಲಿ ಹಬ್ಬ ಬಂತಾ?”

“ಸುಮ್ನೆ, ಬಿಸ್ಲು ಚೆನ್ನಾಗಿತ್ತು,” ಎಂದಳು ಅವ್ವ, ಔಷಧಿಯ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು.

ಪಾತುಮ್ಮ ಸ್ವಲ್ಪ ಹೊತ್ತು ಹೊದಿಕೆಗಳನ್ನು ಎಣಿಸುವವಳಂತೆ ನೋಡಿ ಒಳಗೆ ಹೋದಳು. ಮರುದಿನ ಅವರ ಬೇಲಿಯ ಮೇಲೂ ಹೊದಿಕೆಗಳು ಬಂದವು. ಆ ವಾರ ಕಳೆಯುವುದರೊಳಗೆ ನಮ್ಮ ಸಾಲಿನ ಎಲ್ಲ ಮನೆಗಳ ಹಾಸಿಗೆಗಳೂ ಬಿಸಿಲು ಕಂಡವು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮುಂದೆ ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಕೆಲಸ ಮಾಡಿದಾಗ, ಯಾವುದಾದರೂ ಹುಡುಗಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತರೆ ನನಗೆ ಆ ಬೇಲಿಸಾಲು ನೆನಪಾಗುತ್ತಿತ್ತು. ಮೊದಲು ಅವಳ ಕೈ ಹಿಡಿದುಕೊಳ್ಳುತ್ತಿದ್ದೆ, ಪ್ರಶ್ನೆ ಆಮೇಲೆ. ಔಷಧಿ ಕೊಡುವಾಗ ಇಡೀ ಕೋಣೆಗೆ ಒಂದೇ ದಿನ. ಸರ್ಕಾರದ ತರಬೇತಿಯಲ್ಲಿ ಇದನ್ನು ಕಲಿಸುವಾಗ ನನಗೆ ನಗು ಬಂದಿತ್ತು.

ಇಷ್ಟೆಲ್ಲ ನಡೆಯುವಾಗ ಅಜ್ಜಿ ಎಲ್ಲಿದ್ದಳು ಎಂದರೆ ಬಚ್ಚಲಮನೆಯಲ್ಲಿ. ಹಂಡೆಯ ತುಂಬ ನಮ್ಮೆಲ್ಲರ ಬಟ್ಟೆಗಳನ್ನು ಕುದಿಸುತ್ತ ಕೋಲಿನಿಂದ ತಿರುವುತ್ತಿದ್ದಳು. ತನಗೇನೂ ಆಗಿಲ್ಲವೆಂದವಳು ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ನಾನು ಅಂಟಂಟು ಮೈಯಲ್ಲಿ ಸದ್ದಿಲ್ಲದೆ ಬಾಗಿಲಿಗೆ ಹೋದೆ. ಅವಳು ನನ್ನನ್ನು ನೋಡಲಿಲ್ಲ. ಕೋಲನ್ನು ಹಂಡೆಯಿಂದ ತೆಗೆದು, ತುದಿ ಒರೆಸಿ, ರವಿಕೆಯ ಹಿಂದಕ್ಕೆ ಇಳಿಸಿ, ಕಣ್ಣು ಮುಚ್ಚಿ ಬೆನ್ನು ಕೆರೆದುಕೊಂಡಳು. ಒಂದು ಸಲ ಅಲ್ಲ, ತುಂಬ ಹೊತ್ತು. ಹಲ್ಲು ಕಚ್ಚಿಕೊಂಡಿದ್ದಳು.

“ಅಜ್ಜಿ, ನಿಂಗೂ ತುರಿಸ್ತದೆ.”

ಕೋಲು ಕೆಳಗೆ ಬಿತ್ತು.

“ಸುಮ್ಕಿರು. ಯಾರಿಗೂ ಹೇಳ್ಬೇಡ.”

“ಅದ್ಕೇನಾ ನನ್ನ ಆಚೆ ಹಾಕಿದ್ದು?”

ಅಜ್ಜಿ ಒಲೆಯ ಕಡೆ ತಿರುಗಿ ಕಡ್ಡಿ ಮುರಿದು ಹಾಕಿದಳು. ಅದೂ ಸಾಲದೆಂಬಂತೆ ಇನ್ನೊಂದು ಮುರಿದಳು.

“ಸಂತೆಗೆ ಬರೋ ಹೆಣ್ಮಕ್ಕಳ ಕೂಸು ಎತ್ಕಂಡು ಕೂರ್ತಿದ್ದೆ, ಅಲ್ಲಿಂದ ಬಂತೋ, ಎಲ್ಲಿಂದ ಬಂತೋ. ನಿಂಗಿಂತ ಮೊದ್ಲು ನಂಗೇ ಬಂದದೆ ಮಗ. ನನ್ನಿಂದ್ಲೇ ನಿಂಗೆ ಬಂದದ್ದು. ಮುದಿ ಚರ್ಮ ನಂದು, ಹೆಂಗೋ ತಡ್ಕತದೆ. ನಿಂದು ಇನ್ನೂ ಎಳೇದು. ಅದ್ಕೆ ದೂರ ಮಲಗು ಅಂದೆ.”

ನಾನು ಅತ್ತುಬಿಟ್ಟೆ. ಇಷ್ಟು ದಿನ ಅಸಹ್ಯ ಎಂದುಕೊಂಡಿದ್ದು ಅಸಹ್ಯವಾಗಿರಲಿಲ್ಲ ಎಂಬ ಸಂತೋಷಕ್ಕೋ, ಇವಳು ಇಷ್ಟು ದಿನ ಒಬ್ಬಳೇ ತಡೆದುಕೊಂಡಳಲ್ಲ ಎಂಬ ಸಂಕಟಕ್ಕೋ, ಎರಡೂ ಒಟ್ಟಿಗೆ ಬಂದವು. ಅಳುತ್ತಲೇ ಜಗಳಕ್ಕೆ ನಿಂತೆ.

“ನೀ ಹಚ್ಕಳ್ದೆ ಇದ್ರೆ ನಾವೆಲ್ಲ ಹಚ್ಕಂಡಿದ್ದೂ ದಂಡ. ನಾನು ಯಾವತ್ತೂ ನಿನ್ನ ತಾವ ಮಲಗಕ್ಕಾಗಲ್ಲ.”

“ಪೂಜೆ ಬಿಟ್ಟು ಎಂಗೆ ಮಗ? ನಾಳೆ ಬೆಳಗ್ಗೆ ಸ್ನಾನ ಇಲ್ದೆ ಲಿಂಗ ಮುಟ್ಟು ಅಂತೀಯ?”

ಬಾಗಿಲಲ್ಲಿ ಅವ್ವ ನಿಂತಿದ್ದಳು. ಉಳಿದ ಔಷಧಿಯ ಬಾಟಲಿ ಅವಳ ಕೈಯಲ್ಲಿತ್ತು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ಬಚ್ಚಲಮನೆಯ ವಿಷಯಕ್ಕೆ ಬಾಯಿ ಹಾಕಿದವಳಲ್ಲ ಅವಳು. ಅವತ್ತು ಹಾಕಿದಳು.

“ಅತ್ತೆ, ಮೈತುಂಬ ಬೂದಿ ಬಳ್ಕಂಡೋನ್ನೇ ಪೂಜೆ ಮಾಡೋರು ನಾವು. ನೀವು ಒಂದು ದಿನ ಬಿಳೀ ಔಸ್ತಿ ಬಳ್ಕಂಡು ಕೂತ್ರೆ ಅವನೇನು ಎದ್ದು ಹೋಗ್ತಾನಾ?”

ಅಜ್ಜಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ತೋಳು, ಕತ್ತು, ಪಾದ, ಎಲ್ಲವೂ ಬಿಳಿ ಬಳಿದುಕೊಂಡು ನಿಂತಿದ್ದ ಅವ್ವ ಥೇಟ್ ಜಂಗಮರ ಹಾಗೆ ಕಾಣುತ್ತಿದ್ದಳು. ಅಜ್ಜಿಯ ತುಟಿ ಅಲುಗಿತು. ನಗು ಬಂದದ್ದನ್ನು ತಡೆಯಲು ಅವಳು ಮುಖ ಗಂಟಿಕ್ಕಿದಳು.

“ಬಾಗ್ಲು ಹಾಕ್ಕಂಡು ಹೋಗು. ಮಗು ಹಚ್ತದೆ.”

ಅವ್ವ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಬಾಗಿಲು ಎಳೆದುಕೊಂಡಳು. ಅಜ್ಜಿ ಮಣೆಯ ಮೇಲೆ ನನಗೆ ಬೆನ್ನು ಮಾಡಿ ಕೂತಳು. ಕೊರಳಲ್ಲಿದ್ದ ಲಿಂಗದ ಕರಡಿಗೆ ಈಗ ಔಷಧಿ ಬಳಿಯುವ ಎದೆಯ ಮೇಲೆ ಇರುವಂತಿಲ್ಲ, ನೆಲಕ್ಕೆ ಇಡುವಂತೆಯೂ ಇಲ್ಲ. ಅದನ್ನು ಬಿಚ್ಚಿ, ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಖಾಲಿ ಕರಡಿಗೆ, ಲಿಂಗಕ್ಕೆ ಸುತ್ತಿದ್ದ ಪಾವಡದ ಬಟ್ಟೆ, ದಾರ, ಮೂರನ್ನೂ ತಾನೇ ಒಂದು ಚೊಂಬಿನ ಬಿಸಿನೀರಿಗೆ ಹಾಕಿದಳು. ಆಮೇಲೆ ರವಿಕೆ ಕಳಚಿ, ಸೆರಗು ಇಳಿಸಿ ಹೇಳಿದಳು.

“ಹೂಂ, ಹಚ್ಚು.”

ಅವಳ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಮುಖ, ಕೈಗಳು ಹೊಗೆಗೆ, ಬಿಸಿಲಿಗೆ ಕಪ್ಪಾಗಿದ್ದರೂ ಬೆನ್ನು ಎಳೆಯ ಮಗುವಿನದರ ಹಾಗೆ ತೆಳ್ಳಗೆ, ಬೆಳ್ಳಗೆ ಇತ್ತು. ಅದರ ತುಂಬ ಗೆರೆಗಳು. ಕೋಲಿನಿಂದ, ಗೋಡೆಯಿಂದ, ಕೈಗೆ ಸಿಕ್ಕಿದ್ದರಿಂದ ಕೆರೆದುಕೊಂಡು ಒಣಗಿದ ಗೆರೆ, ಒಣಗದ ಗೆರೆ. ನಾವೆಲ್ಲ ಅವಳ ಮುಂದೆ ಬೆನ್ನು ಒಡ್ಡಿ ಕೂತು ಉಜ್ಜಿಸಿಕೊಳ್ಳುತ್ತಿದ್ದೆವು, ಆದರೆ ಅವಳಿಗೂ ಕೈಗೆ ಎಟುಕದ ಒಂದು ಬೆನ್ನು ಇದೆ ಎಂದು ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ. ನಾನು ಅಂಗೈಗೆ ಔಷಧಿ ಸುರಿದುಕೊಂಡು ಕುತ್ತಿಗೆಯಿಂದ ಶುರುಮಾಡಿದೆ. ಕಣ್ಣೀರು ಅವಳ ಬೆನ್ನಿನ ಮೇಲೂ ಬಿದ್ದಿರಬೇಕು.

“ಅಳ್ಬೇಡ. ಔಸ್ತಿ ನೀರಾಗ್ತದೆ.”

“ಉರೀತದಾ?”

“ಉರೀಲಿ ಬಿಡು. ಸೊಂಟದ ತಾವ ಇನ್ನೂ ಹಚ್ಚು.”

ಹಚ್ಚಿದೆ. ಸೊಂಟ, ಪಕ್ಕೆ, ತೋಳಿನ ಹಿಂಭಾಗ, ಒಂದೊಂದು ಬೆರಳ ಸಂದಿ. ಲಿಂಗ ಹಿಡಿದಿದ್ದ ಎಡಗೈಯ ಬೆರಳುಗಳ ಸರದಿ ಬಂದಾಗ ಅದನ್ನು ಬಲಗೈಗೆ ದಾಟಿಸಿಕೊಂಡು, ಒಂದು ಕ್ಷಣ ಹಣೆಗೆ ಒತ್ತಿಕೊಂಡು, ಎಡಗೈಯನ್ನು ನನ್ನ ಮುಂದೆ ಚಾಚಿದಳು. ಮಂಗಳವಾರ ಬೆಳಗ್ಗೆ ಅಜ್ಜಿ ಮುಖ ಮಾತ್ರ ತೊಳೆದು, ಮೈತುಂಬ ಬಿಳಿ ಬಳಿದುಕೊಂಡೇ ಕೂತು ಪೂಜೆ ಮಾಡಿದಳು. ಚಿಕ್ಕಪ್ಪ ನಗಲು ಹೋಗಿ ಅಪ್ಪನಿಂದ ಗದರಿಸಿಕೊಂಡ. ಡಾಕ್ಟರಮ್ಮ ಹೇಳಿದ ಹೊತ್ತಿಗೆ ಎಲ್ಲರಿಗೂ ಒಂದಾದ ಮೇಲೊಂದು ಸ್ನಾನ. ವಾರ ಯಾವುದೆಂದು ಯಾರೂ ಕೇಳಲಿಲ್ಲ.

ತುರಿಕೆ ಮರುದಿನವೇ ಹೋಗಲಿಲ್ಲ. ಹುಳ ಸತ್ತರೂ ಚರ್ಮ ಅದನ್ನು ಮರೆಯಲು ಸ್ವಲ್ಪ ದಿನ ಬೇಕು, ಗಾಬರಿಯಾಗಿ ಮತ್ತೆ ಮತ್ತೆ ಔಷಧಿ ಬಳಿಯಬೇಡಿ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಕರಿಕಂಬಳಿಯನ್ನು ಕುದಿಸಲಾಗದೆ ಗೋಣಿಯಲ್ಲಿ ಕಟ್ಟಿಟ್ಟಿದ್ದೆವು. ನನ್ನ ಬೆರಳ ಸಂದಿಯ ಗುಳ್ಳೆಗಳು ಒಣಗಿ, ಸಿಪ್ಪೆ ಉದುರಿ, ಕೆಳಗೆ ಹೊಸ ಚರ್ಮ ಕಂಡಿತು. ಅಜ್ಜಿ ದಿನಾ ನನ್ನ ಕೈ ತಿರುಗಿಸಿ ನೋಡುತ್ತಿದ್ದಳು, ನಾನು ಅವಳ ಕೈ ತಿರುಗಿಸಿ ನೋಡುತ್ತಿದ್ದೆ. ಕೊನೆಗೊಂದು ದಿನ ಮಧ್ಯಾಹ್ನದ ಊಟವಾದ ಮೇಲೆ, ಅವಳು ನಡುಮನೆಯಲ್ಲಿ ಬಿಸಿಲು ಬೀಳುವ ಕಡೆ ಹೊದಿಕೆ ಹಾಸಿಕೊಂಡು, ಅವ್ವನ ಹಾಸಿಗೆಯಿಂದ ನನ್ನ ತಲೆದಿಂಬನ್ನು ತಾನೇ ಎತ್ತಿ ತಂದು ತನ್ನದರ ಪಕ್ಕ ಇಟ್ಟಳು.

ನಾನು ಓಡಿ ಹೋಗಿ ಮಲಗಿದೆ. ಎಂದಿನಂತೆ ನನ್ನ ಕಡೆ ತಿರುಗಿ ಶಿರಂಗಾಲದ ಸುದ್ದಿ ತೆಗೆಯುತ್ತಾಳೆ ಎಂದು ಕಾದೆ. ಅಜ್ಜಿ ಗೋಡೆಯ ಕಡೆ ತಿರುಗಿ, ನನಗೆ ಬೆನ್ನು ಮಾಡಿ ಮಲಗಿದಳು. ಇನ್ನೂ ಭಯ ಇದೆಯೇನೋ, ಇನ್ನೂ ನನ್ನನ್ನು ದೂರ ಇಡುತ್ತಿದ್ದಾಳೇನೋ ಎಂದುಕೊಂಡು ತಾಗದ ಹಾಗೆ ಸರಿದು ಮಲಗಿದೆ.

“ಅಷ್ಟು ದೂರ ಯಾಕೆ ಮಲಗಿದ್ದೀಯ? ಬೆನ್ನ ಮೇಲೆ ಕೈ ಇಡು.”

ನಾನು ಹತ್ತಿರ ಸರಿದು ಅವಳ ರವಿಕೆಯ ಕೆಳಗೆ, ಸೊಂಟದ ಮೇಲೆ, ಅಂಗೈ ಇಟ್ಟೆ.

“ತುರಿಸ್ತದಾ ಅಜ್ಜಿ?”

“ಇಲ್ಲ,” ಎಂದಳು. “ಸುಮ್ನೆ ಇಡು.”